ಎಲ್ಲ ಸರಿ ಇದೆ ಎನ್ನುವ ಸಾಲುಗಳು

ತುಮಕೂರಿನ ನಮ್ಮ ಲ್ಯಾಬಿನಲ್ಲಿ, ಕಾಯುವವರ ಕುರ್ಚಿಗಳ ಎದುರಿನ ಗೋಡೆಗೆ ಒಂದು ದೊಡ್ಡ ಟೀವಿ ಇತ್ತು. ಬೇರೆ ಕಡೆಯಾದರೆ ಅದರಲ್ಲಿ ನ್ಯೂಸೋ ಧಾರಾವಾಹಿಯೋ ಬರುತ್ತಿತ್ತು. ನಮ್ಮಲ್ಲಿ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಸಾಲುಗಳು ಕೆಳಗಿನಿಂದ ಮೇಲಕ್ಕೆ ಓಡುತ್ತಿದ್ದವು. ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು ಏನೂ ಅರ್ಥವಾಗದಿದ್ದರೂ ಅದನ್ನೇ ನೋಡುತ್ತಿದ್ದರು. ಲ್ಯಾಬಿನ ಮಾಲೀಕರಾದ ನಮ್ಮ ಡಾಕ್ಟ್ರಿಗೆ ಅದೊಂದು ಹೆಮ್ಮೆ. ನನಗಂತೂ ಆ ಟೀವಿ ಕಂಡರೆ ಮೈ ಉರಿಯುತ್ತಿತ್ತು. ಆ ಸಾಲುಗಳ ಗದ್ದಲದಲ್ಲಿ ಒಬ್ಬ ಹೆಂಗಸಿನ ಜೀವ ಹೋಯಿತು, ಒಬ್ಬ ನಿಯತ್ತಿನ ಮನುಷ್ಯನ ಹೆಸರು ಹೋಯಿತು. ಜೀವವನ್ನು ಯಾರೂ ವಾಪಸ್ ತರಲಾರರು. ಹೆಸರನ್ನಾದರೂ ತಂದುಕೊಡೋಣ ಎಂದು ನಾನು ಹೊರಟಿದ್ದೆ.

ನನ್ನ ಕೆಲಸ ಲ್ಯಾಬಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಗುಬ್ಬಿಯಲ್ಲಿ ಮನೆ. ಬೆಳಗಿನ ಪ್ಯಾಸೆಂಜರ್ ಹಿಡಿದು ತುಮಕೂರಿಗೆ ಬರುತ್ತೇನೆ, ಸಂಜೆ ಅದೇ ದಾರಿ. ಲ್ಯಾಬಿಗೆ ಗುಬ್ಬಿಯಲ್ಲೂ ಒಂದು ಬಾಗಿಲಿದೆ, ಆದರೆ ಅಲ್ಲಿ ಬರೀ ರಕ್ತ ತೆಗೆದು ತುಮಕೂರಿಗೆ ಕಳಿಸುತ್ತಾರೆ. ಕುಣಿಗಲ್ ಶಾಖೆ ಹಾಗಲ್ಲ. ಅಲ್ಲಿ ಒಂದು ಸಣ್ಣ ಮಿಷಿನ್ ಇದೆ, ದಿನನಿತ್ಯದ ಪರೀಕ್ಷೆಗಳನ್ನು ಅಲ್ಲೇ ಮಾಡಿ ರಿಪೋರ್ಟ್ ಕೊಡುತ್ತಾರೆ. ಅದಕ್ಕೇ ಕುಣಿಗಲ್ಲಿನಲ್ಲಿ ತುಮಕೂರಿನ ಸರ್ವರಿನ ಒಂದು ನಕಲು ಇಟ್ಟಿದ್ದೆವು. ರಸ್ತೆ ಅಗೆಯುವವರು ಯಾವಾಗ ಕೇಬಲ್ ಕಡಿಯುತ್ತಾರೋ ಹೇಳಲಾಗದು. ಕಡಿದಾಗ ಕುಣಿಗಲ್ಲಿನ ಪೆಟ್ಟಿಗೆ ತಾನೇ ಯಜಮಾನನಾಗಿ ಕೆಲಸ ಮುಂದುವರಿಸಬೇಕು, ನೆಟ್ ಬಂದಮೇಲೆ ಲೆಕ್ಕ ಒಪ್ಪಿಸಬೇಕು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಕಷ್ಟವೇನಿಲ್ಲ. ಆಸ್ಪತ್ರೆಯಲ್ಲಿ ಟೋಕನ್ ಕೊಡುವ ಹಾಗೆ ನಮ್ಮ ಸರ್ವರ್ ಪ್ರತಿ ಟ್ಯೂಬಿಗೂ ಒಂದು ಹೊಸ ನಂಬರು ಕೊಡುತ್ತದೆ. ಮುಂದಿನ ನಂಬರು ಯಾವುದು ಎಂದು ನೆನಪಿಟ್ಟುಕೊಳ್ಳುವ ಭಾಗಕ್ಕೆ ಸೀಕ್ವೆನ್ಸ್ ಅನ್ನುತ್ತಾರೆ. ರೋಗಿಯ ಹೆಸರು, ವಯಸ್ಸು, ರಿಪೋರ್ಟು ಎಲ್ಲ ತುಮಕೂರಿನಿಂದ ಕುಣಿಗಲ್ಲಿನ ನಕಲಿಗೆ ತಾವಾಗಿ ಹೋಗುತ್ತವೆ. ಆದರೆ ‘ಮುಂದಿನ ನಂಬರು ಇದು’ ಎನ್ನುವ ಆ ಒಂದು ನೆನಪು ತಾನಾಗಿ ಹೋಗುವುದಿಲ್ಲ. ಅದನ್ನು ಬೇರೆಯೇ ಒಂದು ಪ್ರೋಗ್ರಾಮು ಗಳಿಗೆಗೊಮ್ಮೆ ಹೊತ್ತುಕೊಂಡು ಹೋಗಿ ಅಲ್ಲಿ ಇಟ್ಟು ಬರಬೇಕು. ಇಡದಿದ್ದರೆ ನೆಟ್ ಹೋದಾಗ ಕುಣಿಗಲ್ ಪೆಟ್ಟಿಗೆ ಹಳೇ ನಂಬರನ್ನೇ ಮತ್ತೆ ಕೊಡುತ್ತದೆ. ಒಂದು ನಂಬರಿಗೆ ಇಬ್ಬರು ವಾರಸುದಾರರಾಗುತ್ತಾರೆ.

ಆ ಪ್ರೋಗ್ರಾಮು ಬರೆದವರು ಬೆಂಗಳೂರಿನ ಒಂದು ಸಣ್ಣ ಕಂಪನಿಯವರು. ಬಾಯಿಬಡುಕ ಪ್ರೋಗ್ರಾಮು. ಬಿಲ್ಲಿಗೊಂದು, ಟ್ಯೂಬಿಗೊಂದು, ಗೋಡೌನಿಗೊಂದು ಹೀಗೆ ಎಷ್ಟೋ ಸೀಕ್ವೆನ್ಸುಗಳಿದ್ದವು. ಪ್ರತಿ ಸುತ್ತಿನಲ್ಲೂ ಪ್ರತಿಯೊಂದಕ್ಕೂ ‘ನೋಡಿದೆ, ಸರಿ ಇದೆ’ ಎಂದು ಒಂದೊಂದು ಸಾಲು ಬರೆಯುತ್ತಿತ್ತು. ಬದಲಾಗಿದ್ದರೂ ಸಾಲು, ಬದಲಾಗದಿದ್ದರೂ ಸಾಲು. ಭಾನುವಾರ ಮಧ್ಯಾಹ್ನ ಬಾಗಿಲು ಹಾಕಿ ಎಲ್ಲರೂ ಮನೆಗೆ ಹೋದಮೇಲೂ ಅದರ ಸರಿ ಇದೆ, ಸರಿ ಇದೆ ನಿಲ್ಲುತ್ತಿರಲಿಲ್ಲ. ಟೀವಿಯಲ್ಲಿ ಓಡುತ್ತಿದ್ದದ್ದು ಅದೇ. ಹೀಗೆ ಕಂಪ್ಯೂಟರು ಬರೆದಿಡುವ ದಾಖಲೆಗೆ ಲಾಗು ಅನ್ನುತ್ತಾರೆ. ಬೇರೆ ಕಂಪ್ಯೂಟರಿನ ಲಾಗುಗಳನ್ನು ಯಾರಾದರೂ ಓದುತ್ತಾರೆ, ಇದನ್ನು ದೇವರಾಣೆಗೂ ಯಾರೂ ಓದುತ್ತಿರಲಿಲ್ಲ.

ಓದುತ್ತಿರಲಿಲ್ಲ, ಆದರೆ ನೋಡುತ್ತಿದ್ದರು. ಅದೇ ನಮ್ಮಲ್ಲಿ ಬಂದುಬಿಟ್ಟಿದ್ದ ಪದ್ಧತಿ. ಬೆಳಿಗ್ಗೆ ಬಾಗಿಲು ತೆಗೆದವರು ಟೀವಿಯ ಮೂಲೆಗೆ ಊದುಬತ್ತಿ ತೋರಿಸಿ, ಸಾಲು ಓಡುತ್ತಿದೆಯಾ ಎಂದು ನೋಡಿ, ಕುಣಿಗಲ್ಲಿಗೂ ಗುಬ್ಬಿಗೂ ಫೋನ್ ಮಾಡಿ ‘ಓಡ್ತೈತೆ’ ಎನ್ನುತ್ತಿದ್ದರು. ಅಲ್ಲಿನ ಕಂಪ್ಯೂಟರುಗಳಲ್ಲೂ ಅವೇ ಸಾಲುಗಳು, ‘ಇಲ್ಲೂ ಓಡ್ತೈತೆ’ ಎಂದು ಉತ್ತರ. ಓಡುತ್ತಿದ್ದರೆ ಎಲ್ಲ ಚೆನ್ನಾಗಿದೆ, ನಿಂತರೆ ಕೆಟ್ಟಿದೆ. ಅದರೊಳಗೆ ಏನು ಬರೆದಿದೆ ಎನ್ನುವುದು ಯಾರ ತಲೆಗೂ ಬರುತ್ತಿರಲಿಲ್ಲ. ಆಯುಧಪೂಜೆಯ ದಿನ ಅದಕ್ಕೂ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕುತ್ತಿದ್ದೆವು. ಹಾರದ ಹಿಂದಿನಿಂದಲೂ ಸಾಲುಗಳು ಓಡುತ್ತಿದ್ದವು.

ನಾನು ಡಾಕ್ಟ್ರ ಬಳಿ ಹೋಗಿ ಹೇಳಿದ್ದೆ. ಇಷ್ಟು ಸಾಲು ಬೇಡ ಸರ್, ಏನಾದರೂ ಬದಲಾದಾಗ, ಇಲ್ಲವೇ ಕೆಟ್ಟಾಗ ಮಾತ್ರ ಬರೆಯುವ ಹಾಗೆ ಮಾಡಿಸೋಣ, ಡಿಸ್ಕು ತುಂಬಿಹೋಗುತ್ತಿದೆ, ಎರಡು ಮೂರು ದಿನದ ಲಾಗು ಮಾತ್ರ ಉಳಿಯುತ್ತದೆ, ಹಿಂದಿನದ್ದೆಲ್ಲ ಅಳಿಸಿಹೋಗುತ್ತದೆ ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಕಾಫಿ ತರಿಸಿಕೊಟ್ಟು ಕೇಳಿಸಿಕೊಂಡರು. ಆಮೇಲೆ ಟೀವಿಯ ಕಡೆ ಕೈ ತೋರಿಸಿ, ಅದು ನಿಂತುಹೋದರೆ ಬಂದ ಜನ ಏನೆಂದುಕೊಳ್ಳುತ್ತಾರೆ, ಲ್ಯಾಬೇ ನಿಂತಿದೆ ಅಂದುಕೊಳ್ಳೋದಿಲ್ಲವೇ ಎಂದು ಕೇಳಿದರು. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಸರಿ ಸರ್ ಎಂದು ಎದ್ದು ಬಂದೆ.

ಕುಣಿಗಲ್ ಶಾಖೆ ನೋಡಿಕೊಳ್ಳುತ್ತಿದ್ದ ಟೆಕ್ನಿಷಿಯನ್ನನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಕೋಟು. ಬೇರೆ ಕಡೆ ರಕ್ತನಾಳ ಸಿಗದೆ ಚುಚ್ಚಿ ಚುಚ್ಚಿ ಅಳಿಸಿದ ಎಳೇ ಮಕ್ಕಳನ್ನು ಜನ ಅವರ ಹತ್ತಿರ ಕರೆದುಕೊಂಡು ಬರುತ್ತಿದ್ದರು. ‘ಆ ಯಪ್ಪನ ಕೈ ಹಗುರ’ ಎನ್ನುವುದು ಕುಣಿಗಲ್ ಸಂತೆಯಲ್ಲೂ ಕೇಳಿಬರುತ್ತಿದ್ದ ಮಾತು. ಅವರಿಗಿದ್ದ ಆಸ್ತಿ ಆ ಮಾತೊಂದೇ. ನನ್ನ ಮೇಲೆ ಅವರಿಗೆ ಒಂಥರ ಸಲಿಗೆ. ತುಮಕೂರಿಗೆ ಬಂದಾಗ, ನಿಮ್ಮ ಟೀವಿಗೆ ಇವತ್ತು ನೈವೇದ್ಯ ಆಯಿತಾ ಎಂದು ರೇಗಿಸುತ್ತಿದ್ದರು.

ಅವರಿಗೆ ಒಂದು ಅಭ್ಯಾಸವಿತ್ತು. ನೆಟ್ ಹೋದರೆ ಪೆಟ್ಟಿಗೆ ಯಜಮಾನನಾಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಅಷ್ಟು ಹೊತ್ತು ರೋಗಿಯನ್ನು ಕೂರಿಸಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಕೋಟಿನ ಜೇಬಿನಿಂದ ಮಾರ್ಕರ್ ಪೆನ್ನು ತೆಗೆದು, ಮುಂದಿನ ನಂಬರನ್ನು ಅಂದಾಜಿನ ಮೇಲೆ ಟ್ಯೂಬಿಗೆ ಬರೆದು, ನೆಟ್ ಬಂದಮೇಲೆ ಸರಿಯಾದ ಲೇಬಲ್ಲು ತೆಗೆದು ಅದರ ಮೇಲೆ ಅಂಟಿಸುತ್ತಿದ್ದರು. ಹಾಗೆ ಮಾಡಬಾರದು ಎಂದು ನಾನೂ ಹೇಳಿದ್ದೆ, ಡಾಕ್ಟ್ರೂ ಹೇಳಿದ್ದರು. ಆಯಿತು ಎನ್ನುತ್ತಿದ್ದರು, ಮತ್ತೆ ಮಾಡುತ್ತಿದ್ದರು. ಒಂದು ಸಲವೂ ತಪ್ಪಾಗಿರಲಿಲ್ಲ.

ಡೆಂಗಿ ಜ್ವರದ ಕಾಲ. ಕುಣಿಗಲ್ ಪಕ್ಕದ ಒಂದು ಹಳ್ಳಿಯಿಂದ ಗಂಡ ಹೆಂಡತಿ ಬೈಕಿನಲ್ಲಿ ಶಾಖೆಗೆ ಬಂದರು. ಹೆಂಡತಿಗೆ ಜ್ವರ, ಮೈಕೈ ನೋವು. ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ನೋಡಿಸಿಕೊಂಡು ಬನ್ನಿ ಎಂದು ಅವರೂರಿನ ಕಡೆಯ ಡಾಕ್ಟರು ಕಳಿಸಿದ್ದರು. ಬೆಳಗಿನ ಜನ ಕರಗಿ ಶಾಖೆ ಖಾಲಿಯಾಗಿದ್ದ ಹೊತ್ತು. ಅದೇ ಹೊತ್ತಿಗೆ ಎಲ್ಲೋ ಜೆಸಿಬಿ ಕೇಬಲ್ ಕಡಿದು ನೆಟ್ ಹೋಯಿತು. ಅಣ್ಣ ರಕ್ತ ತೆಗೆದರು, ಟ್ಯೂಬಿಗೆ ನಂಬರು ಬಂತು, ಮಿಷಿನ್ನಿಗೆ ಹಾಕಿದರು, ರಿಪೋರ್ಟು ಪ್ರಿಂಟಾಯಿತು. ಪ್ಲೇಟ್‌ಲೆಟ್ ಬೇಕಾದಷ್ಟಿದೆ ಎಂದಿತ್ತು. ಗಂಡ ಹೆಂಡತಿ ಇಬ್ಬರಿಗೂ ಸಮಾಧಾನ. ಊರಿಗೆ ಹೋಗಿ ಗಂಜಿ ಕುಡಿದು ಮಲಗಿದರಂತೆ.

ಮೂರನೆಯ ದಿನ ಆಕೆಯ ವಸಡಿನಿಂದ ರಕ್ತ ಒಸರಲು ಶುರುವಾಯಿತು. ತುಮಕೂರಿನ ಆಸ್ಪತ್ರೆಗೆಂದು ಕಾರು ಮಾಡಿಕೊಂಡು ಹೊರಟರು. ಗೂಳೂರು ದಾಟುವಷ್ಟರಲ್ಲಿ ಮಾತು ನಿಂತಿತ್ತು, ಆಸ್ಪತ್ರೆಯಲ್ಲಿ ಜೀವ ನಿಂತಿತು.

ತಿಥಿ ಮುಗಿಸಿ ಆಕೆಯ ಗಂಡ ರಿಪೋರ್ಟು ಹಿಡಿದು ತುಮಕೂರಿಗೇ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ನಮಗೂ ಹಗುರವಾಗುತ್ತಿತ್ತೇನೋ. ಇಷ್ಟಿದ್ದ ಪ್ಲೇಟ್‌ಲೆಟ್ ಮೂರು ದಿನಕ್ಕೆ ಹಂಗೆ ಇಳೀತದಾ ಸ್ವಾಮಿ ಎಂದು ಕೇಳಿ ಕುರ್ಚಿಯ ತುದಿಯಲ್ಲಿ ಕೂತ. ಎದುರಿನ ಗೋಡೆಯ ಟೀವಿಯಲ್ಲಿ ಸರಿ ಇದೆ, ಸರಿ ಇದೆ ಓಡುತ್ತಿತ್ತು. ಡಾಕ್ಟ್ರು ನನ್ನನ್ನು ಕರೆದು ಆ ನಂಬರು ಹುಡುಕಲು ಹೇಳಿದರು. ಹುಡುಕಿದೆ. ಒಂದೇ ನಂಬರಿಗೆ ಎರಡು ಹೆಸರಿದ್ದವು. ಕೆಲಸಕ್ಕೆ ಸೇರಲು ರಕ್ತ ಕೊಟ್ಟಿದ್ದ ಒಬ್ಬ ಗಟ್ಟಿಮುಟ್ಟಾದ ಯುವಕನಿಗೆ ಅದೇ ನಂಬರು ಅದಕ್ಕೂ ಮುಂಚೆ ಹೋಗಿತ್ತು. ಆ ನಂಬರಿಗೆ ಮೊದಲೇ ಇದ್ದ ಅವನ ರಿಪೋರ್ಟೇ ಹೆಂಗಸಿನ ಹೆಸರಿನಲ್ಲಿ ಪ್ರಿಂಟಾಗಿ ಆಕೆಯ ಕೈಗೆ ಬಂದಿತ್ತು. ಆಕೆಯದ್ದು, ಪ್ಲೇಟ್‌ಲೆಟ್ ಪಾತಾಳಕ್ಕಿಳಿದಿದ್ದ ರಿಪೋರ್ಟು, ಯುವಕನ ಹೆಸರಿನ ಕೆಳಗೆ ಮರುಪರೀಕ್ಷೆ ಎಂದು ಸುಮ್ಮನೆ ಕೂತಿತ್ತು.

ಒಂದು ನಂಬರು ಎರಡು ಸಲ ಹೇಗೆ ಬಂತು? ಡಾಕ್ಟ್ರಿಗೆ ಉತ್ತರ ತಕ್ಷಣ ಹೊಳೆಯಿತು. ನೆಟ್ ಹೋಗಿತ್ತು. ನೆಟ್ ಹೋದರೆ ಆ ಕುಣಿಗಲ್ಲಿನವನು ಕೈಯಲ್ಲಿ ಬರೆಯುತ್ತಾನೆ. ಬರೆಯುವಾಗ ಹಳೇ ನಂಬರು ಬರೆದಿದ್ದಾನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಾವು. ಆಫೀಸಿನಲ್ಲಿ ಸಂಜೆಯೊಳಗೆ ಎಲ್ಲರ ಬಾಯಲ್ಲೂ ಅದೇ ಆಯಿತು.

ಮಾರನೆಯ ದಿನ ಅಣ್ಣನನ್ನು ಕರೆಸಿದರು. ಅವತ್ತು ಅವರ ಮಾತು ಗಟ್ಟಿಯಾಗಿತ್ತು. ಆಕೆ ಬಂದ ದಿನ ನಾನು ಮಾರ್ಕರ್ ಮುಟ್ಟಲಿಲ್ಲ ಸರ್, ಜನ ಇರಲಿಲ್ಲ, ಅವಸರ ಇರಲಿಲ್ಲ, ಪೆಟ್ಟಿಗೆ ಶುರುವಾಗುವ ತನಕ ಕಾದೆ, ಲೇಬಲ್ಲು ಪ್ರಿಂಟಾಗಿಯೇ ಬಂತು ಎಂದರು. ಟ್ಯೂಬು ನೋಡೋಣವೆಂದರೆ ಅದು ಆಗಲೇ ಆಸ್ಪತ್ರೆ ಕಸದ ಗಾಡಿಗೆ ಹೋಗಿತ್ತು. ಡಾಕ್ಟ್ರು ನನ್ನ ಕಡೆ ತಿರುಗಿ, ಕಂಪ್ಯೂಟರ್ ಹಳೇ ನಂಬರು ಕೊಟ್ಟಿದ್ದರೆ ಲಾಗಿನಲ್ಲಿ ಇರಬೇಕಲ್ಲ ಎಂದರು.

ಇರಬೇಕಿತ್ತು. ನಾನು ಹೋಗಿ ನೋಡಿದೆ. ಉಳಿದಿದ್ದದ್ದು ಎರಡು ಮೂರು ದಿನದ ಲಾಗು, ಕುಪ್ಪೆ ಕುಪ್ಪೆ ಸರಿ ಇದೆ. ಆ ಹೆಂಗಸು ರಕ್ತ ಕೊಟ್ಟ ದಿನದ ಒಂದು ಅಕ್ಷರವೂ ಇರಲಿಲ್ಲ. ಯಾರೂ ಬಾರದ ಭಾನುವಾರದ ಮಧ್ಯಾಹ್ನದ ಸರಿ ಇದೆಗಳು ಅದನ್ನು ತಳ್ಳಿ ಅಳಿಸಿಹಾಕಿದ್ದವು. ಅಷ್ಟೂ ಸಾಲುಗಳನ್ನು ಒಂದೊಂದಾಗಿ ಹಿಡಿದು ಕತ್ತು ಹಿಸುಕಬೇಕು ಅನ್ನಿಸಿತು. ಬೆಂಗಳೂರಿನ ಕಂಪನಿಗೆ ಫೋನ್ ಮಾಡಿದರೆ, ನೆಟ್ ಬಂದ ದಿನವೇ ಎಲ್ಲ ಹೊಸದಾಗಿ ಜೋಡಿಸಿದ್ದೇವೆ, ಈಗ ಎಲ್ಲ ಸರಿ ಇದೆ ಎಂದರು. ಅವರ ಬಾಯಲ್ಲೂ ಅದೇ ಮಾತು.

ಇಲ್ಲ ಸರ್, ಲಾಗು ಉಳಿದಿಲ್ಲ ಎಂದು ಬಂದು ಹೇಳಿದೆ. ಅಣ್ಣ ನನ್ನ ಮುಖವನ್ನೇ ನೋಡಿದರು.

ಆಮೇಲೆ ವಿಚಾರಣೆ ಮುಗಿಯಲೇ ಇಲ್ಲ. ಡಾಕ್ಟ್ರು ಕೇಳಿದರು, ಅವರ ತಮ್ಮ ಕೇಳಿದರು, ವಕೀಲರು ಬಂದು ಕೇಳಿದರು. ಕೇಳಿದ್ದನ್ನೇ ಕೇಳಿದರು. ಮಾರ್ಕರ್ ಯಾವ ಜೇಬಿನಲ್ಲಿತ್ತು, ಬಲಗಡೆಯೋ ಎಡಗಡೆಯೋ, ಬರೆದದ್ದು ನೆನಪಿಲ್ಲವೋ, ನೆನಪು ಮಾಡಿಕೊಳ್ಳಿ ಎಂದರು. ಎರಡನೆಯ ಸಲ ಅಣ್ಣ, ಪ್ರಿಂಟಾಗಿಯೇ ಬಂದಿತ್ತು ಅನ್ನಿಸುತ್ತದೆ ಎಂದರು. ಆ ‘ಅನ್ನಿಸುತ್ತದೆ’ ಮೊದಲ ದಿನ ಇರಲಿಲ್ಲ. ಹೊರಗೆ ಬಂದಮೇಲೆ, ಅಣ್ಣ, ನೀವು ಯಾಕೆ ಸಡಿಲ ಬಿಡ್ತೀರಿ, ನೀವು ಬರೆದಿಲ್ಲ ತಾನೆ ಎಂದು ಗದರಿಸಿದೆ. ಬಸ್‌ ಸ್ಟ್ಯಾಂಡಿನ ತನಕ ಜೊತೆಗೇ ನಡೆದೆ. ಕುಣಿಗಲ್ ಬಸ್ಸು ಹತ್ತುವ ಮುಂಚೆ, ಅಷ್ಟು ದಿನ ಬರೆದ ಕೈ ಅವತ್ತು ಬರೆದಿದ್ದರೂ ಬರೆದಿರಬಹುದು ಎಂದರು.

ಇನ್ನೊಂದು ವಾರಕ್ಕೆ ಆಕೆಯ ಗಂಡನನ್ನು ಮತ್ತೆ ಕರೆಸಿ ಡಾಕ್ಟ್ರು ಎಲ್ಲರನ್ನೂ ಎದುರು ಬದುರು ಕೂರಿಸಿದರು. ಆ ಗಂಡ ಒಂದೇ ಒಂದು ಮಾತು ಕೇಳಿದ.

‘‘ಯಾರು ಮಾಡಿದ್ದು ಅಂತ ಒಂದು ಹೆಸ್ರು ಹೇಳ್ಬುಡಿ. ಮಗೀಗೆ ಏನಾರ ಹೇಳ್ಬೇಕಲ್ಲ ನಾನು.’’

ಡಾಕ್ಟ್ರು ಮೇಜು ನೋಡಿದರು, ನಾನು ನೆಲ ನೋಡಿದೆ. ಅಣ್ಣ ಎದ್ದು ನಿಂತು ಕೈಮುಗಿದು, ನಂದೇ ತಪ್ಪು ಎಂದರು. ಗಂಡನ ಕಾಲು ಮುಟ್ಟಲು ಬಗ್ಗಿದರು. ಅವನು ಹಿಡಿದು ಎತ್ತಿದ. ಇಬ್ಬರೂ ಅತ್ತರು. ನನಗೆ ಎದ್ದು ಹೊರಗೆ ಓಡಬೇಕು ಅನ್ನಿಸಿತು, ಓಡಲಿಲ್ಲ. ಅವತ್ತೇ ಅಣ್ಣನ ಕೆಲಸ ಹೋಯಿತು. ಕುಣಿಗಲ್ಲಿನಲ್ಲಿ ಕೈ ಹಗುರ ಎಂದಿದ್ದ ಬಾಯಿಗಳೇ ಅವರನ್ನು ಕಂಡರೆ ರಸ್ತೆ ದಾಟಲು ಶುರುಮಾಡಿದವು ಎಂದು ಅಲ್ಲಿನ ರಿಸೆಪ್ಷನ್ ಹುಡುಗಿ ಫೋನಿನಲ್ಲಿ ಹೇಳಿದಳು.

ಕೋಟೆ ಕೊಳ್ಳೆ ಹೋದಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಹಾಗೆ, ಆಮೇಲೆ ಡಾಕ್ಟ್ರು ನನಗೆ ಲಾಗು ಕಮ್ಮಿ ಮಾಡಲು ಅಪ್ಪಣೆ ಕೊಟ್ಟರು. ವಕೀಲರು ಹೇಳಿದ್ದರಂತೆ, ಹಳೇ ಲಾಗು ಬಹಳ ದಿನ ಉಳಿಯಬೇಕು ಎಂದು. ಬೆಂಗಳೂರಿನವರನ್ನು ಕಾಡಿ ಬೇಡಿ ಬೈದು, ಪ್ರೋಗ್ರಾಮಿನಲ್ಲಿ ಬೇಕಾದ ಬದಲಾವಣೆ ಮಾಡಿಸಿದೆ. ಮಾಡಬೇಕಾದದ್ದು ಬಹಳ ಸಣ್ಣ ಕೆಲಸ. ತುಮಕೂರಿನ ನಂಬರು, ಕುಣಿಗಲ್ಲಿನ ನಂಬರು ಎರಡೂ ಒಂದೇ ಇದ್ದರೆ ಬಾಯಿಮುಚ್ಚಿಕೊಂಡಿರು. ಬೇರೆಯಾಗಿದ್ದರೆ ಸರಿಮಾಡು, ದಿನದ ಕೊನೆಗೆ ಎಲ್ಲ ಸೇರಿಸಿ ಒಂದು ಸಾಲು ಬರೆ. ಸರಿಮಾಡಲು ಆಗದಿದ್ದರೆ ಮಾತ್ರ ತಕ್ಷಣ ಕೂಗು. ಅಷ್ಟೇ. ಇದನ್ನು ಮುಂಚೆಯೇ ಮಾಡಿದ್ದರೆ ಎನ್ನುವ ಮಾತನ್ನು ನಾನು ಎಷ್ಟು ಸಲ ನುಂಗಿದ್ದೇನೋ ಲೆಕ್ಕವಿಲ್ಲ.

ಬದಲಾಯಿಸಿದ ದಿನ ಟೀವಿ ನಿಂತಿತು. ಕಪ್ಪು ಪರದೆ, ತುದಿಯಲ್ಲಿ ಒಂದು ಕಡ್ಡಿ ಮಿಣಮಿಣ ಅನ್ನುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದವಳು ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಗುಬ್ಬಿಯವರು ಎರಡು ಸಲ ಕಂಪ್ಯೂಟರ್ ಆರಿಸಿ ಹೊತ್ತಿಸಿದರು. ಇನ್ನುಮೇಲೆ ಓಡದಿದ್ದರೇ ಚೆನ್ನಾಗಿದೆ ಎಂದು ಅರ್ಥ ಎಂದು ಎಲ್ಲರಿಗೂ ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಯಾರೂ ನಂಬಲಿಲ್ಲ. ಕೊನೆಗೆ ಡಾಕ್ಟ್ರು ಆ ಟೀವಿಗೆ ಭಕ್ತಿಗೀತೆ ಹಾಕಿಸಿದರು.

ಹಾಗೆ ದಿನಕ್ಕೊಂದೇ ಸಾಲು ಬರುತ್ತಿದ್ದ ಲಾಗಿನಲ್ಲಿ ಒಂದು ದಿನ ಬೆಳಿಗ್ಗೆ ಇನ್ನೊಂದು ಸಾಲು ಕಂಡಿತು. ಹಿಂದಿನ ರಾತ್ರಿ ಬೆಂಗಳೂರಿನವರು ಸಾಫ್ಟ್‌ವೇರನ್ನು ಹೊಸದು ಮಾಡಿದ್ದರು. ಸಾಲು ಇಷ್ಟೇ: ಟ್ಯೂಬಿನ ಸೀಕ್ವೆನ್ಸು ಮುಟ್ಟಲು ಅನುಮತಿ ಇಲ್ಲ, ಬಿಟ್ಟಿದ್ದೇನೆ. ನಾನು ಅದನ್ನು ನೋಡುತ್ತಾ ಕೂತುಬಿಟ್ಟೆ. ಹೊಸದು ಮಾಡಿದಾಗಲೆಲ್ಲ ಅವರು ಆ ಸೀಕ್ವೆನ್ಸನ್ನು ಅಳಿಸಿ ಮತ್ತೆ ಹುಟ್ಟಿಸುತ್ತಿದ್ದರು, ನಂಬರು ಹೊತ್ತೊಯ್ಯುವ ಪ್ರೋಗ್ರಾಮಿಗೆ ಅದನ್ನು ಮುಟ್ಟುವ ಅನುಮತಿ ಕೊಡಲು ಮರೆಯುತ್ತಿದ್ದರು. ಆ ಹೆಂಗಸು ರಕ್ತ ಕೊಡುವ ಮುಂಚೆಯೂ ಒಂದು ಸಲ ಹೊಸದು ಮಾಡಿದ್ದರು. ಆಗಲೂ ಇದೇ ಸಾಲು ಬಂದಿರಬೇಕು. ಆ ಟೀವಿಯಲ್ಲೇ, ಆ ಹಸಿರು ಅಕ್ಷರದಲ್ಲೇ, ಸರಿ ಇದೆ ಸರಿ ಇದೆಗಳ ನಡುವೆ ನಮ್ಮೆಲ್ಲರ ಕಣ್ಣೆದುರೇ ಓಡಿಹೋಗಿರಬೇಕು. ನಾವು ಊದುಬತ್ತಿ ತೋರಿಸುತ್ತಿದ್ದೆವು.

ಆದರೆ ‘ಇರಬೇಕು’ ಎಂದರೆ ಯಾರು ಕೇಳುತ್ತಾರೆ? ಸಾಕ್ಷಿ ಬೇಕಿತ್ತು. ಏನನ್ನು ಹುಡುಕಬೇಕು ಎಂದು ತಿಳಿದಮೇಲೆ ಎಲ್ಲಿ ಹುಡುಕಬೇಕು ಎನ್ನುವುದೂ ಹೊಳೆಯಿತು. ಕುಣಿಗಲ್ ಪೆಟ್ಟಿಗೆಯ ಬ್ಯಾಕಪ್ಪನ್ನು ಶನಿವಾರ ಶನಿವಾರ ಒಂದು ಡಿಸ್ಕಿಗೆ ತೆಗೆದು ತುಮಕೂರಿಗೆ ಕಳಿಸುವುದು ಶಾಖೆಯ ಕೆಲಸವಾಗಿತ್ತು. ಬೇರೆಯವರಾಗಿದ್ದರೆ ತಪ್ಪಿಸುತ್ತಿದ್ದರು. ಅಣ್ಣ ತಪ್ಪಿಸಿರಲಿಲ್ಲ. ಆ ಹೆಂಗಸು ರಕ್ತ ಕೊಟ್ಟ ದಿನಕ್ಕೂ ಹಿಂದಿನ ಶನಿವಾರದ ಡಿಸ್ಕನ್ನು ಬೀರುವಿನಿಂದ ತೆಗೆದು ಒಂದು ಹಳೇ ಕಂಪ್ಯೂಟರಿಗೆ ಹಾಕಿದೆ. ಹೊಸ ರೋಗಿ ಬಂದಿದ್ದಾರೆ, ನಂಬರು ಕೊಡು ಎಂದು ಕೇಳಿದೆ. ಕೊಟ್ಟಿತು. ಆ ಹೆಂಗಸಿನ ರಿಪೋರ್ಟಿನ ಮೇಲಿದ್ದ ಅದೇ ನಂಬರು.

ಯಾವ ಕೈಯೂ ಬರೆದಿರಲಿಲ್ಲ. ಪೆಟ್ಟಿಗೆಯೇ ಕೊಟ್ಟಿತ್ತು. ಅಣ್ಣ ಮೊದಲ ದಿನ ಹೇಳಿದ್ದೇ ನಿಜ. ಕಂಪ್ಯೂಟರಿನ ಕೋಣೆಯಲ್ಲಿ ಒಬ್ಬಳೇ ಕೂತು ನಾನು ಗಟ್ಟಿಯಾಗಿ ಅತ್ತೆ. ದುಃಖಕ್ಕೋ ಖುಷಿಗೋ ಎಂದು ಕೇಳಿದರೆ ಎರಡಕ್ಕೂ ಎನ್ನುತ್ತೇನೆ.

ಡಾಕ್ಟ್ರಿಗೆ ತೋರಿಸಿದೆ. ಅವರು ಆ ನಂಬರು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಮೆಲ್ಲಗೆ, ಅವನೇ ಒಪ್ಪಿಕೊಂಡಿದ್ದಾನಲ್ಲಮ್ಮ, ಆ ಮನೆಯವರೂ ಸುಮ್ಮನಾಗಿದ್ದಾರೆ, ಈಗ ಕೆದಕಿದರೆ ಯಾರಿಗೆ ಏನು ಬಂತು ಎಂದರು. ನನಗೆ ಎಲ್ಲಿತ್ತೋ ಸಿಟ್ಟು. ಅಣ್ಣನ ಹೆಸರು ವಾಪಸ್ ಬಂತು ಸರ್, ಇನ್ನೇನು ಬರಬೇಕು ಎಂದೆ. ಕೆಲಸಕ್ಕೆ ವಾಪಸ್ ತಗೋತೀನಿ, ಬೇಕಾದರೆ ಬರಹೇಳು, ಆದರೆ ಆ ಮನೆಯವರ ತನಕ ಇದು ಹೋಗೋದು ಬೇಡ ಎಂದರು. ಹೋಗುತ್ತದೆ ಸರ್, ಅದಕ್ಕೂ ಮುಂಚೆ ಅಣ್ಣನಿಗೆ ಹೇಳುತ್ತೇನೆ ಎಂದು ಎದ್ದುಬಂದೆ. ನನ್ನನ್ನೂ ಕೆಲಸದಿಂದ ತೆಗೆಯಬಹುದು ಅಂದುಕೊಂಡೆ. ತೆಗೆಯಲಿಲ್ಲ. ಲಾಗು ನೋಡಲು ಬೇರೆ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ಕುಣಿಗಲ್ ಬಸ್ಸು ಹತ್ತಿದೆ. ಗೂಳೂರು, ಹೆಬ್ಬೂರು ದಾಟುವ ತನಕ ನನ್ನ ತಲೆಯಲ್ಲಿ ಅಣ್ಣನ ಮುಖವೇ. ಹೇಳಿದ ತಕ್ಷಣ ಹೇಗೆ ಅರಳುತ್ತದೆ, ಏನೆನ್ನುತ್ತಾರೆ, ಎಲ್ಲವನ್ನೂ ನಾನೇ ಕಟ್ಟಿಕೊಂಡಿದ್ದೆ. ಅವರು ಭಾವಮೈದನ ದಿನಸಿ ಅಂಗಡಿಯಲ್ಲಿ ಕೂರುತ್ತಾರೆ ಎಂದು ಕೇಳಿದ್ದೆ. ಅಂಗಡಿಯಲ್ಲಿ ಜನವಿರಲಿಲ್ಲ. ಬಿಳಿ ಕೋಟಿಲ್ಲದೆ ಸಣ್ಣಗೆ ಕಂಡರು. ವಿಭೂತಿ ಹಾಗೇ ಇತ್ತು. ಏನ್ ತಾಯಿ ಇಷ್ಟು ದೂರ ಎಂದು ಸ್ಟೂಲು ಒರೆಸಿ ಕೂರಿಸಿದರು, ಟೀ ತರಿಸಿದರು.

ನಾನು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅನುಮತಿ ಇಲ್ಲದ ಸೀಕ್ವೆನ್ಸು, ಶನಿವಾರದ ಡಿಸ್ಕು, ಅದು ಕೊಟ್ಟ ನಂಬರು. ಮೊಬೈಲಿನಲ್ಲಿ ತೆಗೆದಿದ್ದ ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು, ಫೋನನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು. ಮುಖದಲ್ಲಿ ಏನೂ ಅರಳಲಿಲ್ಲ.

‘‘ನಿಮ್ ಮಿಷಿನ್ ಏನ್ ಬೇಕಾದ್ರೂ ಹೇಳ್ಲಿ ಕಣಮ್ಮ. ನಂಗೆ ಗ್ಯಾಪಕ ಐತೆ, ನಾನೇ ಬರ್ದಿದ್ದು.’’

ಇಲ್ಲ ಅಣ್ಣ, ನೀವು ಮುಟ್ಟಲೇ ಇಲ್ಲ ಎಂದು ಮೊದಲ ದಿನ ನೀವೇ ಹೇಳಿದ್ದಿರಿ ಎಂದೆ. ಅವತ್ತು ಹೆದರಿಕೆಗೆ ಹಾಗೆ ಹೇಳಿರಬೇಕು ಎಂದರು. ಆಮೇಲೆ ಅವತ್ತಿನದನ್ನು ನನಗೆ ಹೇಳುತ್ತಾ ಹೋದರು. ಮಾರ್ಕರ್ ಎಡಗಡೆ ಜೇಬಿನಲ್ಲಿತ್ತು. ಮುಚ್ಚಳ ಬಿಗಿಯಾಗಿತ್ತು, ಹಲ್ಲಿನಲ್ಲಿ ಕಚ್ಚಿ ತೆಗೆದರು. ಆಕೆಯ ಕೈಯಲ್ಲಿ ಹಸಿರು ಬಳೆ ಇದ್ದವು. ಜ್ವರಕ್ಕೆ ಕೈ ಬಿಸಿ ಇತ್ತು. ಕೊನೆಯ ಅಂಕಿ ಬರೆಯುವಾಗ ಆಕೆ ಏನೋ ಕೇಳಿದಳು, ಅವರು ತಲೆ ಎತ್ತಿದರು, ಅಲ್ಲೇ ಕೈ ತಪ್ಪಿತು. ಇಷ್ಟೂ ಅವರಿಗೆ ಕಣ್ಣಿಗೆ ಕಟ್ಟಿದ ಹಾಗಿತ್ತು. ಎಡಗಡೆ ಜೇಬು ವಿಚಾರಣೆಯಲ್ಲಿ ವಕೀಲರು ಅವರ ಬಾಯಿಗೆ ತುರುಕಿದ ಮಾತು, ನಾನೇ ಕೇಳಿದ್ದೆ. ಮಿಕ್ಕಿದ್ದೆಲ್ಲ ಯಾವಾಗ ಬೆಳೆಯಿತೋ. ಕೂತು ಕೂತು, ನೆನೆದು ನೆನೆದು, ನಡೆಯದೇ ಇದ್ದ ಒಂದು ಮಧ್ಯಾಹ್ನವನ್ನು ಈ ಮನುಷ್ಯ ಪೂರ್ತಿ ಕಂಡುಬಿಟ್ಟಿದ್ದರು.

ಆಕೆಯ ಗಂಡನಿಗೆ ನಾನೇ ಹೋಗಿ ನಿಜ ಹೇಳುತ್ತೇನೆ, ನೀವು ಬನ್ನಿ ಸಾಕು ಎಂದೆ. ಕೈ ಅಡ್ಡ ಮಾಡಿದರು.

‘‘ಬ್ಯಾಡ ತಾಯಿ. ಆ ಯಪ್ಪ ನನ್ ಮಕ ನೋಡಿ ಸುಮ್ಗಾಗವ್ನೆ. ಮಗೀಗೂ ಹೇಳವ್ನೆ. ಈಗ ಹೋಗಿ ಯಾರೂ ಮಾಡ್ಲಿಲ್ಲ, ಡಬ್ಬ ಮಾಡ್ತು ಅಂದ್ರೆ ಅವ್ನು ಎಲ್ಲಿಗೋಗ್ಬೇಕು?’’

ನಾನು ಬೇಡಿದೆ, ರೇಗಿದೆ, ನಿಮ್ಮ ಹೆಸರಿಗಾಗಿಯಾದರೂ ಬನ್ನಿ ಎಂದು ಅತ್ತೆ. ಅವರು ನನಗೇ ಸಮಾಧಾನ ಹೇಳಿದರು. ಚಿಕ್ಕವಳಿದ್ದೀಯ, ಮನಸ್ಸಿಗೆ ಹಚ್ಕೋಬೇಡ, ನನ್ನ ಮೇಲಿನ ಪ್ರೀತಿಗೆ ಏನೋ ಹುಡುಕಿಕೊಂಡು ಬಂದಿದ್ದೀಯ ಎಂದರು. ಅವರ ಕಣ್ಣಿನಲ್ಲಿ ನಾನು ಒಬ್ಬ ತಪ್ಪಿತಸ್ಥನನ್ನು ಕಾಪಾಡಲು ಸುಳ್ಳು ಹೊಂಚಿಕೊಂಡು ಬಂದ ಒಳ್ಳೆಯ ಹುಡುಗಿಯಾಗಿದ್ದೆ. ಅದಕ್ಕಿಂತ ದೊಡ್ಡ ಸೋಲು ನನಗೆ ಗೊತ್ತಿಲ್ಲ.

ಆಮೇಲೆ ನಾನು ಆಕೆಯ ಗಂಡನಲ್ಲಿಗೆ ಹೋಗಲಿಲ್ಲ. ಹೋಗಬೇಕಿತ್ತೋ ಏನೋ, ಈಗಲೂ ತಿಳಿಯದು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬರಿಗೈಲಿ ಹೋಗಬೇಡ ಎಂದು ಅವರು ಹುರಿಗಡಲೆ ತೂಗಲು ನಿಂತರು. ತಕ್ಕಡಿಯ ಅಂಕಿ ನಿಂತಮೇಲೂ ಪೊಟ್ಟಣ ಕಟ್ಟಲಿಲ್ಲ. ತಕ್ಕಡಿಯನ್ನು ನನ್ನ ಕಡೆ ತಿರುಗಿಸಿ, ರಕ್ತ ತೆಗೆಯುವಾಗ ಒಂದು ದಿನವೂ ನಡುಗದಿದ್ದ ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

‘‘ನೀನೇ ಒಂದ್ಸಲ ನೋಡ್ಕಳಮ್ಮ, ಎಷ್ಟೈತೆ ಅಂತ. ಬರೋರ್ಗೆಲ್ಲ ಹಂಗೇ ಹೇಳ್ತೀನಿ. ನಾನು ನೋಡಿದ್ದನ್ನ ನಂಬಬ್ಯಾಡಿ.’’